ಆತಂಕದ ಅಳತೆ: ಪರವೀಕ್ಷಕರ ಅಂಕಗಳು ಹೇಳುವುದೆಷ್ಟು, ಹೇಳದಿರುವುದೆಷ್ಟು?

ಕೃಷ್ಣಾ ನದಿಯ ದಡದಲ್ಲಿರುವ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಯು ನೀಲಮ್ಮನವರ ಐಕ್ಯಸ್ಥಳವೆಂದು ನಾಡಿಗೆಲ್ಲ ಪರಿಚಿತ. ಈ ಭಾಗದ ಹಳ್ಳಿಗಳಿಂದ ವೈದ್ಯರ ಬಳಿಗೆ ಹೋಗುವ ಅನೇಕರು, ಅದರಲ್ಲೂ ಹೆಣ್ಣುಮಕ್ಕಳು, ತಮಗೆ 'ಆತಂಕ'ವಿದೆ ಎಂದು ಹೇಳುವುದಿಲ್ಲ. 'ಎದಿ ಹಾರತೈತಿ', 'ಜೀವಕ್ಕ ಸಮಾಧಾನಿಲ್ಲ', 'ರಾತ್ರಿ ಕಣ್ಣಿಗೆ ಕಣ್ಣು ಹತ್ತೂದಿಲ್ಲ', 'ಕೈಕಾಲಾಗ ಬಲಾನ ಇಲ್ಲ' ಎಂದು ಹೇಳುತ್ತಾರೆ. ಹೃದಯದ ಪರೀಕ್ಷೆಯಾಗುತ್ತದೆ, ರಕ್ತದ ಪರೀಕ್ಷೆಯಾಗುತ್ತದೆ, 'ಏನೂ ಇಲ್ಲ' ಎಂಬ ಉತ್ತರವೂ ದೊರೆಯುತ್ತದೆ. ಆದರೆ ಸಂಕಟ ಮಾತ್ರ ಉಳಿಯುತ್ತದೆ. ರಕ್ತದೊತ್ತಡವನ್ನು ಅಳೆಯಲು ಯಂತ್ರವಿದೆ, ಜ್ವರವನ್ನು ಅಳೆಯಲು ಉಷ್ಣಮಾಪಕವಿದೆ. ಹಾಗಾದರೆ ಒಬ್ಬ ವ್ಯಕ್ತಿಯ ಒಳಗಿರುವ ಆತಂಕವನ್ನು ಹೊರಗಿನವರು ಅಳೆಯಲು ಸಾಧ್ಯವೇ? ಅಳೆದರೆ ಆ ಅಳತೆಯನ್ನು ಎಷ್ಟರ ಮಟ್ಟಿಗೆ ನಂಬಬಹುದು? ಈ ಪ್ರಶ್ನೆಗೆ ಮನೋವಿಜ್ಞಾನ ಮತ್ತು ಮನೋವೈದ್ಯಶಾಸ್ತ್ರಗಳು ಕಂಡುಕೊಂಡಿರುವ ಉತ್ತರಗಳ ಸ್ಥೂಲ ಪರಿಚಯ ಇಲ್ಲಿದೆ.

ಆತಂಕ ಎಂದರೇನು?

ಎದುರಿಗಿರುವ ಅಪಾಯಕ್ಕೆ ಮನಸ್ಸು ತೋರುವ ಪ್ರತಿಕ್ರಿಯೆ ಭಯ. ಮುಂದೆ ಏನಾದೀತೋ ಎಂಬ ಅನಿಶ್ಚಿತತೆಗೆ ತೋರುವ ಪ್ರತಿಕ್ರಿಯೆ ಆತಂಕ. ಹಾವು ಕಂಡು ಬೆಚ್ಚುವುದು ಭಯವಾದರೆ, ಮಳೆ ಬಾರದಿದ್ದರೆ ಸಾಲ ತೀರಿಸುವುದು ಹೇಗೆ ಎಂದು ರಾತ್ರಿಯಿಡೀ ಹೊರಳಾಡುವುದು ಆತಂಕ. ಮಿತವಾದ ಆತಂಕವು ಮನುಷ್ಯನನ್ನು ಎಚ್ಚರದಲ್ಲಿರಿಸುವುದರಿಂದ ಅದು ರೋಗವಲ್ಲ. ಕಾರಣಕ್ಕೆ ಮೀರಿ, ವಾರ-ತಿಂಗಳುಗಟ್ಟಲೆ ಮುಂದುವರಿದು, ನಿದ್ರೆ, ದುಡಿಮೆ ಮತ್ತು ಸಂಸಾರವನ್ನು ಕೆಡಿಸತೊಡಗಿದಾಗ ಮಾತ್ರ ಅದನ್ನು ಚಿಕಿತ್ಸೆಗೆ ಯೋಗ್ಯವಾದ ತೊಂದರೆಯೆಂದು ಪರಿಗಣಿಸಲಾಗುತ್ತದೆ.

ಅಮೆರಿಕದ ಮನೋವಿಜ್ಞಾನಿ ಚಾರ್ಲ್ಸ್ ಸ್ಪೀಲ್‌ಬರ್ಗರ್ ಅವರು ಆತಂಕದಲ್ಲಿ ಎರಡು ಬಗೆಗಳನ್ನು ಗುರುತಿಸಿದರು. ಪರೀಕ್ಷೆಯ ಕೊಠಡಿಯ ಮುಂದೆ ನಿಂತಾಗ ಉಂಟಾಗಿ ಆನಂತರ ಇಳಿದುಹೋಗುವುದು ತಾತ್ಕಾಲಿಕ ಸ್ಥಿತಿಯ ಆತಂಕ. ಎಲ್ಲ ಸಂದರ್ಭಗಳಲ್ಲಿಯೂ ಬೇಗನೆ ಕಳವಳಗೊಳ್ಳುವ ಒಲವು ಸ್ವಭಾವದ ಆತಂಕ. ಇನ್ನೊಬ್ಬ ಮನೋವಿಜ್ಞಾನಿ ಪೀಟರ್ ಲ್ಯಾಂಗ್ ಅವರು 1968ರಲ್ಲಿ ಭಯ ಮತ್ತು ಆತಂಕಗಳು ಮೂರು ಮಾರ್ಗಗಳಲ್ಲಿ ವ್ಯಕ್ತವಾಗುತ್ತವೆ ಎಂದು ತೋರಿಸಿದರು. ವ್ಯಕ್ತಿ ಹೇಳಿಕೊಳ್ಳುವ ಮಾತು ಮೊದಲನೆಯದು, ಕಣ್ಣಿಗೆ ಕಾಣುವ ವರ್ತನೆ ಎರಡನೆಯದು, ಹೃದಯಬಡಿತ-ಬೆವರು ಮೊದಲಾದ ದೈಹಿಕ ಬದಲಾವಣೆಗಳು ಮೂರನೆಯದು. ಈ ಮೂರೂ ಯಾವಾಗಲೂ ಜೊತೆಯಾಗಿ ಸಾಗುವುದಿಲ್ಲ ಎಂಬುದು ಗಮನಾರ್ಹ. ಒಬ್ಬನು 'ನನಗೇನೂ ಭಯವಿಲ್ಲ' ಎನ್ನುತ್ತಲೇ ಬೆವರುತ್ತಿರಬಹುದು. ಇನ್ನೊಬ್ಬನು ಶಾಂತನಂತೆ ಕುಳಿತಿದ್ದೂ ಒಳಗೇ ಕುಸಿದಿರಬಹುದು. ಆತಂಕವನ್ನು ಅಳೆಯುವಲ್ಲಿನ ಎಲ್ಲ ತೊಡಕುಗಳಿಗೂ ಇದೇ ಮೂಲ.

ಪರವೀಕ್ಷಣೆಯ ಅಗತ್ಯವೇನು?

ಆತಂಕವನ್ನು ಅಳೆಯುವ ಮಾಪಕಗಳಲ್ಲಿ ಎರಡು ಮುಖ್ಯ ವರ್ಗಗಳಿವೆ. ವ್ಯಕ್ತಿಯು ತಾನೇ ಪ್ರಶ್ನಾವಳಿಯನ್ನು ಓದಿ ಉತ್ತರ ಗುರುತಿಸುವುದು ಸ್ವಮಾಪನ. 1970ರಲ್ಲಿ ಪ್ರಕಟವಾದ ಸ್ಪೀಲ್‌ಬರ್ಗರ್ ಅವರ ಮಾಪಕ, 1988ರ ಬೆಕ್ ಆತಂಕ ಮಾಪಕ ಹಾಗೂ ಏಳೇ ಪ್ರಶ್ನೆಗಳುಳ್ಳ 2006ರ ಜಿಎಡಿ-7 ಈ ವರ್ಗಕ್ಕೆ ಸೇರುತ್ತವೆ. ವೈದ್ಯರು, ಶುಶ್ರೂಷಕರು, ಶಿಕ್ಷಕರು, ತಂದೆ-ತಾಯಿಯರು ಅಥವಾ ತರಬೇತಿ ಪಡೆದ ಕಾರ್ಯಕರ್ತರು ವ್ಯಕ್ತಿಯನ್ನು ನೋಡಿ, ಮಾತನಾಡಿಸಿ ಅಂಕ ನೀಡುವುದು ಪರಮಾಪನ.

ಸ್ವಮಾಪನಕ್ಕೆ ಓದು ಬರಬೇಕು. 2011ರ ಜನಗಣತಿಯ ಪ್ರಕಾರ ಅಂದಿನ ಬಿಜಾಪುರ, ಇಂದಿನ ವಿಜಯಪುರ ಜಿಲ್ಲೆಯ ಸಾಕ್ಷರತೆ ಸುಮಾರು ಶೇ. 67. ಮಹಿಳೆಯರಲ್ಲಿ ಅದು ಸುಮಾರು ಶೇ. 57 ಮಾತ್ರ. ಅಂದರೆ ಪ್ರತಿ ಐವರು ಮಹಿಳೆಯರಲ್ಲಿ ಇಬ್ಬರ ಕೈಗೆ ಪ್ರಶ್ನಾವಳಿಯನ್ನು ಕೊಟ್ಟು ಪ್ರಯೋಜನವಿರಲಿಲ್ಲ. ಓದಲು ಬಂದವರಿಗೂ 'ಕಳೆದ ಎರಡು ವಾರಗಳಲ್ಲಿ ಅರ್ಧಕ್ಕಿಂತ ಹೆಚ್ಚು ದಿನ' ಎಂಬಂತಹ ಆಯ್ಕೆಗಳು ಅಪರಿಚಿತವೆನಿಸುತ್ತವೆ. ಮಾತು ಬಾರದ ಮಕ್ಕಳು, ಮರೆಗುಳಿ ಕಾಯಿಲೆಯ ವೃದ್ಧರು, ತೀವ್ರ ನಿಗಾ ಘಟಕದಲ್ಲಿರುವ ರೋಗಿಗಳು ಉತ್ತರಿಸುವ ಸ್ಥಿತಿಯಲ್ಲೇ ಇರುವುದಿಲ್ಲ. ಮನೆಯವರ ಎದುರು ತನ್ನ ಕಷ್ಟವನ್ನು ಬಾಯಿಬಿಟ್ಟು ಹೇಳಲಾಗದ ಸೊಸೆ, ಗಂಡಸಾದವನು ಹೆದರಬಾರದೆಂದು ನಂಬಿರುವ ರೈತ ಇವರೂ ಕಾಗದದ ಮೇಲೆ ತಮ್ಮ ಅಳಲನ್ನು ಗುರುತಿಸಲಾರರು. ಇಂತಹವರ ಪಾಲಿಗೆ ಎದುರು ಕುಳಿತವರ ಕಣ್ಣು ಮತ್ತು ಕಿವಿಗಳೇ ಮಾಪಕಗಳು.

ನಡೆದುಬಂದ ದಾರಿ

ಒಳಗಿನ ಭಾವವನ್ನು ಹೊರಗಿನ ಚಿಹ್ನೆಗಳಿಂದ ಅರಿಯುವ ಯತ್ನ ನಮ್ಮಲ್ಲಿ ಹೊಸತಲ್ಲ. 'ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ' ಎಂಬ ಗಾದೆ ವರ್ತನೆಯೇ ಮನಸ್ಸಿನ ಸಾಕ್ಷಿ ಎನ್ನುತ್ತದೆ. ಭರತನ ನಾಟ್ಯಶಾಸ್ತ್ರವು ಎಣಿಸುವ ಎಂಟು ಸಾತ್ವಿಕ ಭಾವಗಳೆಂದರೆ ಸ್ತಂಭ, ಸ್ವೇದ, ರೋಮಾಂಚ, ಸ್ವರಭಂಗ, ಕಂಪ, ವೈವರ್ಣ್ಯ, ಅಶ್ರು ಮತ್ತು ಪ್ರಲಯ. ಇವುಗಳಲ್ಲಿ ಬೆವರು, ನವಿರೇಳುವುದು, ನಡುಕ ಮತ್ತು ಮುಖ ಬಿಳಿಚುವುದು ಆಧುನಿಕ ಆತಂಕ ಮಾಪಕಗಳಲ್ಲಿಯೂ ಕಾಣಸಿಗುತ್ತವೆ. ಆದರೆ ಚಿಹ್ನೆಗಳನ್ನು ಪಟ್ಟಿಮಾಡುವುದು ಬೇರೆ, ಅವುಗಳಿಗೆ ಅಂಕ ನೀಡಿ ಆ ಅಂಕ ನಂಬಲರ್ಹವೇ ಎಂದು ಪರಿಶೀಲಿಸುವುದು ಬೇರೆ.

ಆ ಎರಡನೆಯ ಕೆಲಸ ಆರಂಭವಾದದ್ದು ಇಂಗ್ಲೆಂಡಿನಲ್ಲಿ. 1885ರಲ್ಲಿ ಫ್ರಾನ್ಸಿಸ್ ಗಾಲ್ಟನ್ ಅವರು ಸಭೆಯೊಂದರಲ್ಲಿ ಕುಳಿತವರ ಚಡಪಡಿಕೆಯನ್ನು ಎಣಿಸಿ ಅವರ ಬೇಸರವನ್ನು ಅಳೆಯುವ ಕಿರುಲೇಖನವನ್ನು ಪ್ರಕಟಿಸಿದರು. 1904ರಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರು ಮಾಪನದಲ್ಲಿನ ದೋಷವನ್ನು ಗಣಿತದ ಮೂಲಕ ಲೆಕ್ಕಹಾಕುವ ದಾರಿ ತೋರಿದರು. ಇದೇ ಸ್ಪಿಯರ್‌ಮನ್ ಅವರ ಬಳಿ ಲಂಡನ್ನಿನಲ್ಲಿ ಅಧ್ಯಯನ ಮಾಡಿ ಬಂದ ಎಂ.ವಿ. ಗೋಪಾಲಸ್ವಾಮಿ ಅವರು 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಮನೋವಿಜ್ಞಾನ ವಿಭಾಗವನ್ನು ಕಟ್ಟಿದರು. ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ಆರಂಭಿಸಿ 'ಆಕಾಶವಾಣಿ' ಎಂಬ ಹೆಸರಿಗೆ ಕಾರಣರಾದವರೆಂದು ಕನ್ನಡಿಗರು ಅವರನ್ನು ಸ್ಮರಿಸುತ್ತಾರೆ. ಮನಸ್ಸಿನ ಮಾಪನಶಾಸ್ತ್ರವನ್ನು ಕನ್ನಡ ನೆಲಕ್ಕೆ ತಂದವರಲ್ಲಿ ಅವರು ಮೊದಲಿಗರು ಎಂಬುದನ್ನೂ ಮರೆಯಲಾಗದು.

ಆತಂಕಕ್ಕೆಂದೇ ರೂಪುಗೊಂಡು ಇಂದಿಗೂ ಬಳಕೆಯಲ್ಲಿರುವ ಪರಮಾಪಕಗಳಲ್ಲಿ ಪ್ರಸಿದ್ಧವಾದದ್ದು 1959ರಲ್ಲಿ ಬ್ರಿಟನ್ನಿನ ಮನೋವೈದ್ಯ ಮ್ಯಾಕ್ಸ್ ಹ್ಯಾಮಿಲ್ಟನ್ ಪ್ರಕಟಿಸಿದ ಮಾಪಕ. ಖಿನ್ನತೆಯನ್ನು ಅಳೆಯಲು ಅವರು ಮರುವರ್ಷ ರಚಿಸಿದ ಇನ್ನೊಂದು ಮಾಪಕವೂ ಅಷ್ಟೇ ಖ್ಯಾತಿ ಪಡೆಯಿತು. 1966ರಲ್ಲಿ ಗಾರ್ಡನ್ ಪಾಲ್ ಎಂಬವರು ಬೇರೊಂದು ವಿಧಾನವನ್ನು ಅನುಸರಿಸಿದರು. ಸಭೆಯಲ್ಲಿ ಭಾಷಣ ಮಾಡುವವರನ್ನು ತರಬೇತಿ ಪಡೆದ ವೀಕ್ಷಕರು ಗಮನಿಸುತ್ತ, ಪ್ರತಿ 30 ಸೆಕೆಂಡುಗಳಿಗೊಮ್ಮೆ 20 ಬಗೆಯ ವರ್ತನೆಗಳಲ್ಲಿ ಯಾವುವು ಕಂಡವೆಂದು ಗುರುತು ಹಾಕಬೇಕು. ಇಲ್ಲಿ 'ಈತ ಎಷ್ಟು ಹೆದರಿದ್ದಾನೆ?' ಎಂಬ ಒಟ್ಟಾರೆ ಅಭಿಪ್ರಾಯಕ್ಕೆ ಅವಕಾಶವಿಲ್ಲ. ಕೈ ನಡುಗಿತೇ, ಧ್ವನಿ ಕಂಪಿಸಿತೇ, ಮಾತು ತಡವರಿಸಿತೇ ಎಂಬಷ್ಟನ್ನೇ ಎಣಿಸಬೇಕು.

ಹ್ಯಾಮಿಲ್ಟನ್ ಮಾಪಕದ ಸ್ವರೂಪ

ಈ ಮಾಪಕದಲ್ಲಿ 14 ಅಂಶಗಳಿವೆ. ಅವು ಕ್ರಮವಾಗಿ: ಆತಂಕದ ಮನಃಸ್ಥಿತಿ, ಬಿಗುವು, ನಿರ್ದಿಷ್ಟ ಭಯಗಳು, ನಿದ್ರಾಹೀನತೆ, ಏಕಾಗ್ರತೆ ಮತ್ತು ನೆನಪಿನ ತೊಂದರೆ, ಖಿನ್ನ ಮನಸ್ಸು, ಸ್ನಾಯುಗಳ ನೋವು-ಬಿಗಿತ, ಇಂದ್ರಿಯಗಳ ತೊಂದರೆ, ಹೃದಯ ಮತ್ತು ರಕ್ತಪರಿಚಲನೆಯ ಲಕ್ಷಣಗಳು, ಉಸಿರಾಟದ ಲಕ್ಷಣಗಳು, ಜಠರ-ಕರುಳಿನ ಲಕ್ಷಣಗಳು, ಮೂತ್ರ ಮತ್ತು ಜನನಾಂಗಗಳ ಲಕ್ಷಣಗಳು, ಬೆವರು-ಬಾಯಿ ಒಣಗುವಿಕೆಯಂತಹ ಸ್ವಯಂಚಾಲಿತ ನರವ್ಯೂಹದ ಲಕ್ಷಣಗಳು ಮತ್ತು ಸಂದರ್ಶನದ ವೇಳೆಯ ವರ್ತನೆ.

ಪ್ರತಿಯೊಂದು ಅಂಶಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ನೀಡಲಾಗುತ್ತದೆ. ಲಕ್ಷಣವಿಲ್ಲದಿದ್ದರೆ 0, ಸೌಮ್ಯವಾಗಿದ್ದರೆ 1, ಮಧ್ಯಮವಾದರೆ 2, ತೀವ್ರವಾದರೆ 3, ಅತಿ ತೀವ್ರವಾದರೆ 4. ಆದ್ದರಿಂದ ಒಟ್ಟು ಅಂಕ 0ಯಿಂದ 56ರವರೆಗೆ ಇರಬಹುದು. ಸಾಮಾನ್ಯ ರೂಢಿಯಲ್ಲಿ 17ರವರೆಗಿನ ಅಂಕವನ್ನು ಸೌಮ್ಯ, 18ರಿಂದ 24ನ್ನು ಸೌಮ್ಯದಿಂದ ಮಧ್ಯಮ, 25ರಿಂದ 30ನ್ನು ಮಧ್ಯಮದಿಂದ ತೀವ್ರ ಎಂದು ಅರ್ಥೈಸಲಾಗುತ್ತದೆ. ಮೊದಲ ಆರು ಅಂಶಗಳು ಹಾಗೂ ಕೊನೆಯ ಅಂಶ ಸೇರಿ ಮಾನಸಿಕ ಆತಂಕವನ್ನೂ, ಏಳರಿಂದ ಹದಿಮೂರರವರೆಗಿನ ಅಂಶಗಳು ದೈಹಿಕ ಆತಂಕವನ್ನೂ ಸೂಚಿಸುತ್ತವೆ.

ಹದಿನಾಲ್ಕರಲ್ಲಿ ಹದಿಮೂರು ಅಂಶಗಳಿಗೆ ರೋಗಿಯ ಮಾತೇ ಮುಖ್ಯ ಆಧಾರ. ವೀಕ್ಷಕನ ಕಣ್ಣನ್ನೇ ಪೂರ್ಣವಾಗಿ ಅವಲಂಬಿಸಿರುವುದು ಕೊನೆಯ ಅಂಶ ಮಾತ್ರ. ಚಡಪಡಿಕೆ, ಕೈನಡುಕ, ಗಂಟಿಕ್ಕಿದ ಹುಬ್ಬು, ಬಿಗಿದ ಮುಖ, ನಿಟ್ಟುಸಿರು ಅಥವಾ ವೇಗದ ಉಸಿರಾಟ, ಬಿಳಿಚಿದ ಮುಖ, ಪದೇ ಪದೇ ಉಗುಳು ನುಂಗುವುದು ಇವನ್ನು ಅಲ್ಲಿ ಗಮನಿಸಬೇಕು. ಹೀಗಾಗಿ ಪರಮಾಪನವೆಂದರೆ ರೋಗಿಯ ಮಾತನ್ನು ಬದಿಗಿಟ್ಟು ಮುಖ ನೋಡಿ ನಿರ್ಣಯಿಸುವುದಲ್ಲ. ರೋಗಿಯ ಮಾತನ್ನು ಅನುಭವಿಯೊಬ್ಬರು ಕೇಳಿ, ಬಿಡಿಸಿ, ಇತರ ರೋಗಿಗಳೊಂದಿಗೆ ಹೋಲಿಸಿ ತೂಗುವುದೇ ಅದರ ತಿರುಳು.

ಒಂದು ಉದಾಹರಣೆ

ವಿಷಯ ಸ್ಪಷ್ಟವಾಗಲೆಂದು ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. ನದಿತೀರದ ಹಳ್ಳಿಯೊಂದರ 45 ವರ್ಷದ ಮಹಿಳೆಯೊಬ್ಬರನ್ನು ಇಬ್ಬರು ಮೌಲ್ಯಮಾಪಕರು ಒಟ್ಟಿಗೆ ಕುಳಿತು ಸಂದರ್ಶಿಸಿದರೆಂದು ಭಾವಿಸೋಣ. ಮೊದಲನೆಯವರು ಆತಂಕದ ಮನಃಸ್ಥಿತಿಗೆ 3, ಬಿಗುವಿಗೆ 2, ಭಯಕ್ಕೆ 1, ನಿದ್ರಾಹೀನತೆಗೆ 3, ಏಕಾಗ್ರತೆಗೆ 2, ಖಿನ್ನತೆಗೆ 1, ಹೀಗೆ ಮೊದಲ ಆರು ಅಂಶಗಳಿಗೆ 12 ಅಂಕ ನೀಡುತ್ತಾರೆ. ದೈಹಿಕ ಲಕ್ಷಣಗಳ ಏಳು ಅಂಶಗಳಿಗೆ ಮತ್ತೆ 12, ವರ್ತನೆಗೆ 1. ಒಟ್ಟು 25. ಎರಡನೆಯವರು ಮೊದಲ ಆರಕ್ಕೆ 10, ದೈಹಿಕ ಲಕ್ಷಣಗಳಿಗೆ 10, ವರ್ತನೆಗೆ 2 ನೀಡುತ್ತಾರೆ. ಒಟ್ಟು 22.

ವ್ಯತ್ಯಾಸ ಮೂರು ಅಂಕ ಮಾತ್ರ. ಆದರೆ ಒಬ್ಬರ ಪಟ್ಟಿಯಲ್ಲಿ ಆಕೆ 'ಮಧ್ಯಮದಿಂದ ತೀವ್ರ' ವರ್ಗಕ್ಕೂ, ಇನ್ನೊಬ್ಬರ ಪಟ್ಟಿಯಲ್ಲಿ 'ಸೌಮ್ಯದಿಂದ ಮಧ್ಯಮ' ವರ್ಗಕ್ಕೂ ಸೇರುತ್ತಾರೆ. ಎದೆಬಡಿತವು ಆಕೆಯ ನಿತ್ಯದ ಕೆಲಸಕ್ಕೆ ಅಡ್ಡಿಯಾಗಿದೆ ಎಂದು ಒಬ್ಬರು 3 ಅಂಕ ಕೊಟ್ಟರೆ, ಆಕೆ ಹೊಲಕ್ಕೆ ಹೋಗುವುದನ್ನು ನಿಲ್ಲಿಸಿಲ್ಲವೆಂದು ಇನ್ನೊಬ್ಬರು 2 ಕೊಡುತ್ತಾರೆ. ಹೊಲಕ್ಕೆ ಹೋಗದಿದ್ದರೆ ಮನೆಯಲ್ಲಿ ಒಲೆ ಉರಿಯದು ಎಂಬ ಸಂಗತಿ ಯಾವ ಅಂಶದಲ್ಲಿಯೂ ಇಲ್ಲ. ಆದುದರಿಂದ ವರ್ಗದ ಹೆಸರಿಗಿಂತ ಅಂಕದ ಚಲನೆಯೇ ಮುಖ್ಯ. ಒಬ್ಬರೇ ಮೌಲ್ಯಮಾಪಕರು ಎಂಟು ವಾರಗಳ ಚಿಕಿತ್ಸೆಯ ಬಳಿಕ ಅದೇ ಮಹಿಳೆಗೆ 25ರ ಬದಲು 11 ಅಂಕ ನೀಡಿದರೆ, ಅದು ಚಿಕಿತ್ಸೆ ಫಲಿಸುತ್ತಿರುವುದರ ಸೂಚನೆ. ಹ್ಯಾಮಿಲ್ಟನ್ ಅವರ ಉದ್ದೇಶವೂ ಅದೇ ಆಗಿತ್ತು. ಈಗಾಗಲೇ ಆತಂಕದ ಕಾಯಿಲೆಯೆಂದು ಗುರುತಿಸಲ್ಪಟ್ಟವರಲ್ಲಿ ತೀವ್ರತೆಯನ್ನು ಅಳೆಯಲು ಅವರು ಮಾಪಕವನ್ನು ರೂಪಿಸಿದರೇ ಹೊರತು ರೋಗವನ್ನು ಪತ್ತೆಹಚ್ಚಲು ಅಲ್ಲ.

ಮಕ್ಕಳು ಮತ್ತು ವೃದ್ಧರಿಗಾಗಿ

ಮಕ್ಕಳ ದಂತ ಚಿಕಿತ್ಸೆಯಲ್ಲಿ 1962ರಿಂದ ಬಳಕೆಯಲ್ಲಿರುವ ಫ್ರಾಂಕ್ಲ್ ಮಾಪಕದಲ್ಲಿ ನಾಲ್ಕೇ ದರ್ಜೆಗಳಿವೆ. ಚಿಕಿತ್ಸೆಯನ್ನು ಸಂಪೂರ್ಣ ನಿರಾಕರಿಸಿ ಅಳುವ ಮಗುವಿನಿಂದ ಹಿಡಿದು ನಗುತ್ತ ಸಹಕರಿಸುವ ಮಗುವಿನವರೆಗೆ ದಂತವೈದ್ಯರು ಒಂದು ದರ್ಜೆಯನ್ನು ಬರೆದುಕೊಳ್ಳುತ್ತಾರೆ. ಶಸ್ತ್ರಚಿಕಿತ್ಸೆಗೆ ಮುನ್ನ ಅರಿವಳಿಕೆ ಕೊಡುವ ವೇಳೆ ಮಕ್ಕಳ ಆತಂಕವನ್ನು ಅಳೆಯಲು 1990ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 1997ರಲ್ಲಿ ಪರಿಷ್ಕೃತವಾದ ಮಾಪಕವು ಐದು ವಿಷಯಗಳನ್ನು ಗಮನಿಸುತ್ತದೆ: ಮಗುವಿನ ಚಟುವಟಿಕೆ, ಬಾಯಿಂದ ಹೊರಡುವ ಧ್ವನಿ, ಮುಖದ ಭಾವ, ಎಚ್ಚರದ ಸ್ಥಿತಿ ಮತ್ತು ತಂದೆ-ತಾಯಿಯನ್ನು ಅವಲಂಬಿಸುವ ರೀತಿ. ಒಂದೆರಡು ನಿಮಿಷಗಳಲ್ಲಿ ಮುಗಿಯುವ ಈ ವೀಕ್ಷಣೆಗೆ ಮಗುವಿನ ಉತ್ತರವೇ ಬೇಕಿಲ್ಲ.

ಮರೆಗುಳಿ ಕಾಯಿಲೆಯುಳ್ಳವರಿಗಾಗಿ 1999ರಲ್ಲಿ ಪ್ರಕಟವಾದ 'ರೇಯ್ಡ್' ಎಂಬ ಮಾಪಕದಲ್ಲಿ 18 ಅಂಶಗಳಿವೆ. ರೋಗಿಯನ್ನೂ, ಆರೈಕೆ ಮಾಡುವವರನ್ನೂ ಬೇರೆಬೇರೆಯಾಗಿ ವಿಚಾರಿಸಿ ವೈದ್ಯರು ಅಂಕ ನೀಡುತ್ತಾರೆ. 11 ಅಥವಾ ಹೆಚ್ಚು ಅಂಕ ಬಂದರೆ ಗಮನಾರ್ಹ ಆತಂಕವಿದೆಯೆಂದು ತಿಳಿಯಲಾಗುತ್ತದೆ. ಸಂಜೆಯಾದೊಡನೆ ಮನೆಯೊಳಗೆ ಅತ್ತಿಂದಿತ್ತ ತಿರುಗುವ, ಮಗ ಬಂದನೇ ಎಂದು ಹತ್ತಾರು ಬಾರಿ ಕೇಳುವ ಅಜ್ಜಿಯನ್ನು 'ಹಟಮಾರಿ' ಎಂದು ಗದರುವ ಮುನ್ನ, ಅದು ಆತಂಕವಿರಬಹುದೆಂದು ಯೋಚಿಸಲು ಇಂತಹ ಮಾಪಕಗಳು ಪ್ರೇರೇಪಿಸುತ್ತವೆ.

ಯಾರು ನೋಡಿದರೆ ಏನು ಕಾಣುತ್ತದೆ?

ಒಂದೇ ಮಗುವಿನ ಬಗ್ಗೆ ತಾಯಿ, ತಂದೆ, ಶಿಕ್ಷಕ ಮತ್ತು ಸ್ವತಃ ಮಗು ನೀಡುವ ಮಾಹಿತಿ ಎಷ್ಟರ ಮಟ್ಟಿಗೆ ಹೊಂದಿಕೆಯಾಗುತ್ತದೆ? 1987ರಲ್ಲಿ ಥಾಮಸ್ ಆಖೆನ್‌ಬಾಕ್ ಮತ್ತು ಸಹೋದ್ಯೋಗಿಗಳು 119 ಅಧ್ಯಯನಗಳನ್ನು ಒಟ್ಟುಗೂಡಿಸಿ ಮಕ್ಕಳ ಭಾವನೆ ಹಾಗೂ ವರ್ತನೆಯ ತೊಂದರೆಗಳ ಕುರಿತು ಈ ಪ್ರಶ್ನೆಗೆ ಉತ್ತರ ಹುಡುಕಿದರು. ಪೂರ್ಣ ಹೊಂದಾಣಿಕೆಗೆ 1 ಎಂದಾದರೆ, ತಂದೆ-ತಾಯಿಯರಂತಹ ಒಂದೇ ಬಗೆಯ ಇಬ್ಬರು ವೀಕ್ಷಕರ ನಡುವೆ ಸಹಸಂಬಂಧವು ಸರಾಸರಿ 0.60 ಇತ್ತು. ಪೋಷಕರು ಮತ್ತು ಶಿಕ್ಷಕರಂತಹ ಭಿನ್ನ ಬಗೆಯವರ ನಡುವೆ 0.28, ಮಗುವಿನ ಸ್ವಂತ ಹೇಳಿಕೆ ಮತ್ತು ಇತರರ ಹೇಳಿಕೆಯ ನಡುವೆ ಕೇವಲ 0.22 ಇತ್ತು. ಗಲಾಟೆ, ಜಗಳದಂತಹ ಹೊರಮುಖದ ತೊಂದರೆಗಳಲ್ಲಿ ಒಪ್ಪಿಗೆ ಹೆಚ್ಚಾಗಿದ್ದು, ಅಂಜಿಕೆ-ಕೊರಗಿನಂತಹ ಒಳಮುಖದ ತೊಂದರೆಗಳಲ್ಲಿ ಕಡಿಮೆಯಿತ್ತು.

ಇದರಿಂದ ಯಾರೋ ಒಬ್ಬರು ಸುಳ್ಳು ಹೇಳುತ್ತಿದ್ದಾರೆಂದು ತಿಳಿಯಬೇಕಾಗಿಲ್ಲ. ಶಾಲೆಯಲ್ಲಿ ಎದ್ದು ನಿಂತು ಓದಲು ಹೆದರುವ ಬಾಲಕಿಯನ್ನು ಶಿಕ್ಷಕರು ಕಂಡಿರುತ್ತಾರೆ, ತಾಯಿ ಕಂಡಿರುವುದಿಲ್ಲ. ರಾತ್ರಿ ಬೆಚ್ಚಿ ಏಳುವ ಅದೇ ಬಾಲಕಿಯನ್ನು ತಾಯಿ ಕಂಡಿರುತ್ತಾಳೆ, ಶಿಕ್ಷಕರಿಗೆ ಅದು ತಿಳಿಯದು. ಶಾಂತವಾಗಿ ಕುಳಿತ ಮಗು 'ಒಳ್ಳೆಯ ಹುಡುಗಿ' ಎನಿಸಿಕೊಂಡು ಯಾರ ಗಮನಕ್ಕೂ ಬಾರದೆ ಹೋಗುವ ಅಪಾಯವೇ ಇಲ್ಲಿ ದೊಡ್ಡದು.

ವಯಸ್ಕರ ವಿಷಯದಲ್ಲಿ ಸಿಮೀನ್ ವಜೀರ್ ಎಂಬ ಸಂಶೋಧಕಿ 2010ರಲ್ಲಿ ಪ್ರಕಟಿಸಿದ ಅಧ್ಯಯನ ಉಲ್ಲೇಖಾರ್ಹ. ಕಳವಳದಂತಹ ಒಳಗಿನ ಗುಣಗಳನ್ನು ವ್ಯಕ್ತಿಯೇ ಇತರರಿಗಿಂತ ಚೆನ್ನಾಗಿ ಬಲ್ಲನು. ಬುದ್ಧಿವಂತಿಕೆಯಂತಹ, ಹೊಗಳಿಕೆ-ತೆಗಳಿಕೆಗೆ ಒಳಪಡುವ ಗುಣಗಳನ್ನು ಸ್ನೇಹಿತರು ಹೆಚ್ಚು ಚೆನ್ನಾಗಿ ಅಳೆಯಬಲ್ಲರು. ಹೀಗಿರುವಾಗ ಆತಂಕದ ವಿಷಯದಲ್ಲಿ ಪರವೀಕ್ಷಕರ ಅಂಕವು ವ್ಯಕ್ತಿಯ ಮಾತಿಗೆ ಪೂರಕವಾಗಬಲ್ಲುದೇ ಹೊರತು ಪರ್ಯಾಯವಾಗಲಾರದು.

ವಿಶ್ವಾಸಾರ್ಹತೆಯ ಲೆಕ್ಕ

ಇಬ್ಬರು ವೀಕ್ಷಕರು ಎಷ್ಟು ಬಾರಿ ಒಂದೇ ತೀರ್ಮಾನಕ್ಕೆ ಬಂದರೆಂದು ಶೇಕಡಾವಾರು ಹೇಳಿದರೆ ಸಾಲದು. ಕಣ್ಣುಮುಚ್ಚಿ ಗುರುತು ಹಾಕಿದರೂ ಕೆಲವು ಬಾರಿ ಒಪ್ಪಿಗೆ ಬಂದೇ ಬರುತ್ತದೆ. ಈ ಆಕಸ್ಮಿಕ ಒಪ್ಪಿಗೆಯನ್ನು ಕಳೆದು ಉಳಿದದ್ದನ್ನು ಅಳೆಯುವ ಸೂತ್ರವನ್ನು 1960ರಲ್ಲಿ ಜೇಕಬ್ ಕೊಹೆನ್ ನೀಡಿದರು. ಅದಕ್ಕೆ 'ಕಪ್ಪಾ' ಎಂದು ಹೆಸರು.

50 ಜನರನ್ನು ಇಬ್ಬರು ವೀಕ್ಷಕರು ನೋಡಿ, 'ಆತಂಕವಿದೆ' ಅಥವಾ 'ಇಲ್ಲ' ಎಂದು ಗುರುತಿಸಿದರೆನ್ನೋಣ. 15 ಜನರಲ್ಲಿ ಇದೆಯೆಂದೂ, 25 ಜನರಲ್ಲಿ ಇಲ್ಲವೆಂದೂ ಇಬ್ಬರೂ ಒಪ್ಪುತ್ತಾರೆ. ಉಳಿದ 10 ಜನರಲ್ಲಿ ಐವರಿಗೆ ಮೊದಲನೆಯವರು ಮಾತ್ರ, ಐವರಿಗೆ ಎರಡನೆಯವರು ಮಾತ್ರ 'ಇದೆ' ಎನ್ನುತ್ತಾರೆ. ಒಪ್ಪಿಗೆ 50ರಲ್ಲಿ 40, ಅಂದರೆ ಶೇ. 80. ಆದರೆ ಇಬ್ಬರೂ ತಲಾ 20 ಜನರಿಗೆ, ಅಂದರೆ ಶೇ. 40ರಷ್ಟು ಜನರಿಗೆ 'ಇದೆ' ಎಂದಿರುವುದರಿಂದ ಆಕಸ್ಮಿಕವಾಗಿಯೇ ಶೇ. 52ರಷ್ಟು ಒಪ್ಪಿಗೆ ನಿರೀಕ್ಷಿತ. ಆಕಸ್ಮಿಕಕ್ಕೆ ಮೀರಿ ಗಳಿಸಬಹುದಾಗಿದ್ದ 48ರಲ್ಲಿ ಅವರು ಗಳಿಸಿದ್ದು 28. ಕಪ್ಪಾ ಸುಮಾರು 0.58. ಶೇ. 80 ಎಂದಾಗ ಭರವಸೆ ಮೂಡಿಸುವ ಫಲಿತಾಂಶವು ಈ ಲೆಕ್ಕದಲ್ಲಿ ಸಾಧಾರಣವೆನಿಸುತ್ತದೆ. ತರಬೇತಿ, ಸ್ಪಷ್ಟ ವಿವರಣೆಗಳುಳ್ಳ ಕೈಪಿಡಿ ಮತ್ತು ನಿಗದಿತ ಪ್ರಶ್ನೆಗಳಿಂದ ಈ ಸಂಖ್ಯೆಯನ್ನು ಹೆಚ್ಚಿಸಬಹುದು. 2001ರಲ್ಲಿ ಹ್ಯಾಮಿಲ್ಟನ್ ಮಾಪಕಕ್ಕೆ ಒಂದು ಕ್ರಮಬದ್ಧ ಸಂದರ್ಶನ ಮಾರ್ಗದರ್ಶಿ ಸಿದ್ಧವಾದದ್ದು ಈ ಕಾರಣಕ್ಕಾಗಿಯೇ.

ಅಂಕಗಳು ದಾರಿತಪ್ಪುವ ಬಗೆ

ಒಂದು ಗುಣದ ಬಗೆಗಿನ ಅಭಿಪ್ರಾಯ ಉಳಿದೆಲ್ಲ ಗುಣಗಳ ಅಂಕವನ್ನೂ ಬಣ್ಣಗೆಡಿಸುವುದನ್ನು 1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಗುರುತಿಸಿ 'ಪ್ರಭಾವಳಿ ಪರಿಣಾಮ' ಎಂದರು. ಅಚ್ಚುಕಟ್ಟಾಗಿ ಬಟ್ಟೆ ತೊಟ್ಟು ಸ್ಪಷ್ಟವಾಗಿ ಮಾತನಾಡುವವರಿಗೆ ಆತಂಕದ ಅಂಕ ಅನ್ಯಾಯವಾಗಿ ಕಡಿಮೆ ಬೀಳಬಹುದು.

ಎರಡನೆಯದು, ಒಳಗಿನ ತಳಮಳವು ನಾವು ಭಾವಿಸುವಷ್ಟು ಹೊರಗೆ ಕಾಣುವುದಿಲ್ಲ. ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೋವಿಚ್ ಅವರು 2003ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಭಾಷಣಕಾರರು ತಮ್ಮ ನಡುಕ ಎಲ್ಲರಿಗೂ ಕಾಣುತ್ತಿದೆಯೆಂದು ನಂಬಿದ್ದರು. ಆದರೆ ಕೇಳುಗರಿಗೆ ಅದು ಅಷ್ಟಾಗಿ ಕಂಡಿರಲಿಲ್ಲ. ಈ ಸತ್ಯವನ್ನು ಮೊದಲೇ ತಿಳಿಸಿದಾಗ ಭಾಷಣವೇ ಉತ್ತಮಗೊಂಡಿತು. ಭಾಷಣಕಾರರಿಗೆ ಇದು ಸಮಾಧಾನದ ಸುದ್ದಿ. ವೀಕ್ಷಕರಿಗೆ ಮಾತ್ರ ಇದೊಂದು ಎಚ್ಚರಿಕೆ.

ಮೂರನೆಯದು, ದೇಹದ ಲಕ್ಷಣಗಳೆಲ್ಲ ಆತಂಕದವಲ್ಲ. ಥೈರಾಯ್ಡ್ ಗ್ರಂಥಿಯ ಅತಿ ಚಟುವಟಿಕೆ, ರಕ್ತಹೀನತೆ, ಹೃದಯದ ಲಯದ ತೊಂದರೆ, ಉಬ್ಬಸಕ್ಕೆ ಕೊಡುವ ಕೆಲವು ಔಷಧಗಳು, ಅತಿಯಾದ ಚಹಾ ಇವೆಲ್ಲವೂ ಎದೆಬಡಿತ, ನಡುಕ, ಬೆವರು ತರಬಲ್ಲವು. ಹ್ಯಾಮಿಲ್ಟನ್ ಮಾಪಕದ ದೈಹಿಕ ಅಂಶಗಳು ಔಷಧದ ಅಡ್ಡಪರಿಣಾಮಗಳೊಂದಿಗೆ ಬೆರೆತುಹೋಗುತ್ತವೆಯೆಂದೂ, ಆತಂಕವನ್ನು ಖಿನ್ನತೆಯಿಂದ ಬೇರ್ಪಡಿಸುವಲ್ಲಿ ಅದು ಸೋಲುತ್ತದೆಯೆಂದೂ 1988ರಲ್ಲಿ ಜರ್ಮನಿಯ ಸಂಶೋಧಕರು ಟೀಕಿಸಿದರು. ರಕ್ತಹೀನತೆ ವ್ಯಾಪಕವಾಗಿರುವ ನಮ್ಮ ಹಳ್ಳಿಗಳಲ್ಲಿ ಈ ಟೀಕೆಗೆ ಹೆಚ್ಚಿನ ತೂಕವಿದೆ. ಅಂತೆಯೇ, ನಿಜವಾದ ಹೃದ್ರೋಗವನ್ನು 'ಬರೀ ಚಿಂತೆ' ಎಂದು ತಳ್ಳಿಹಾಕುವುದೂ ಅಷ್ಟೇ ಅಪಾಯಕರ.

ನಾಲ್ಕನೆಯದು ಭಾಷೆ ಮತ್ತು ಸಂಸ್ಕೃತಿ. ಹಿರಿಯರ ಎದುರು ತಲೆತಗ್ಗಿಸಿ ಕೂರುವುದು, ಕಣ್ಣಿಗೆ ಕಣ್ಣು ಸೇರಿಸದಿರುವುದು, ಸೆರಗಿನ ಅಂಚನ್ನು ಬೆರಳಿಗೆ ಸುತ್ತುವುದು ನಮ್ಮಲ್ಲಿ ಸಂಕೋಚದ ಅಥವಾ ಗೌರವದ ಲಕ್ಷಣ. ಪರಊರಿನ ವೀಕ್ಷಕರು ಅದನ್ನೇ ಆತಂಕವೆಂದು ಬಗೆದು ಅಂಕ ಹೆಚ್ಚಿಸಬಹುದು. 'ಎದಿ ಹಾರತೈತಿ' ಎಂಬುದನ್ನು ಹೃದಯದ ಲಕ್ಷಣವೆಂದು ಬರೆಯಬೇಕೇ, ಭಯದ ಮಾತೆಂದು ಬರೆಯಬೇಕೇ ಎಂಬುದನ್ನು ನಿರ್ಧರಿಸಲು ಈ ಭಾಗದ ಆಡುನುಡಿಯನ್ನು ಬಲ್ಲವರೇ ಬೇಕು.

ಕರ್ನಾಟಕದ ಅನುಭವ

ಬೆಂಗಳೂರಿನ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಗಳು 1974ರಲ್ಲಿ ವಿಲೀನಗೊಂಡು ನಿಮ್ಹಾನ್ಸ್ ರೂಪುಗೊಂಡಿತು. ಮನೋವೈದ್ಯರು ಇಲ್ಲದ ಹಳ್ಳಿಗಳಲ್ಲಿ ಮಾನಸಿಕ ತೊಂದರೆಯನ್ನು ಯಾರು ಗುರುತಿಸಬೇಕು ಎಂಬ ಪ್ರಶ್ನೆಯನ್ನು ಕೈಗೆತ್ತಿಕೊಂಡ ಸಂಸ್ಥೆ ಅದು. ಬೆಂಗಳೂರಿಗೆ ಸಮೀಪದ ಸಕಲವಾರದಲ್ಲಿ ಅದರ ಸಮುದಾಯ ಘಟಕವು 1970ರ ದಶಕದಲ್ಲಿ ಕೆಲಸ ಆರಂಭಿಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಸರಳ ತರಬೇತಿ ನೀಡುವ ಪ್ರಯೋಗವನ್ನು 1980ರ ದಶಕದ ಉತ್ತರಾರ್ಧದಲ್ಲಿ ಬಳ್ಳಾರಿ ಜಿಲ್ಲೆಯುದ್ದಕ್ಕೂ ನಡೆಸಲಾಯಿತು. 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ಬಳ್ಳಾರಿ ಮಾದರಿಯೇ ಆಧಾರವಾಯಿತು. ಮನೆಮನೆಗೆ ಹೋಗುವ ಕಾರ್ಯಕರ್ತೆಯ ಕಣ್ಣನ್ನು ಪಳಗಿಸಿದರೆ ರೋಗ ಬೇಗ ಪತ್ತೆಯಾಗುತ್ತದೆ ಎಂಬುದೇ ಅದರ ಮೂಲತತ್ತ್ವ.

2015-16ರಲ್ಲಿ ನಿಮ್ಹಾನ್ಸ್ ನೇತೃತ್ವದಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿಯೂ ತರಬೇತಿ ಪಡೆದ ಕ್ಷೇತ್ರ ಕಾರ್ಯಕರ್ತರೇ ಜನರನ್ನು ಸಂದರ್ಶಿಸಿದರು. ವಯಸ್ಕರಲ್ಲಿ ಶೇ. 10.6ರಷ್ಟು ಜನ ಆ ವೇಳೆಗೆ ಒಂದಿಲ್ಲೊಂದು ಮಾನಸಿಕ ತೊಂದರೆಗೆ ಒಳಗಾಗಿದ್ದರು. ಆತಂಕ, ಖಿನ್ನತೆಯಂತಹ ಸಾಮಾನ್ಯ ತೊಂದರೆಗಳಿದ್ದವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಕನ್ನಡದಲ್ಲಿ ಈ ವಿಷಯಗಳನ್ನು ಜನಸಾಮಾನ್ಯರಿಗೆ ತಲಪಿಸುವಲ್ಲಿ ನಿಮ್ಹಾನ್ಸ್‌ನ ನಿವೃತ್ತ ಪ್ರಾಧ್ಯಾಪಕ ಡಾ. ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳ ಪಾತ್ರ ದೊಡ್ಡದು.

ಮನೆಯವರು ಗಮನಿಸಬೇಕಾದದ್ದು

ಮನೆಯವರು ಅಂಕಗಳನ್ನು ಹಾಕುವ ಅಗತ್ಯವಿಲ್ಲ, ಹಾಕಲೂ ಬಾರದು. ಮಾಪಕಗಳ ಬಳಕೆ ತರಬೇತಿ ಪಡೆದವರ ಕೆಲಸ. ಆದರೆ ವೈದ್ಯರಿಗೆ ಬೇಕಾದ ಮಾಹಿತಿಯನ್ನು ಮನೆಯವರೇ ಒದಗಿಸಬಲ್ಲರು. ನಿದ್ರೆ ಎಷ್ಟು ದಿನಗಳಿಂದ ಕೆಟ್ಟಿದೆ, ಊಟ ಎಷ್ಟು ಕಡಿಮೆಯಾಗಿದೆ, ಮೊದಲು ಮಾಡುತ್ತಿದ್ದ ಯಾವ ಕೆಲಸ ಬಿಟ್ಟುಹೋಗಿದೆ, ಸಂತೆ-ಜಾತ್ರೆ-ಮದುವೆಗಳಿಗೆ ಹೋಗುವುದನ್ನು ತಪ್ಪಿಸುತ್ತಿದ್ದಾರೆಯೇ, ಒಂದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳುತ್ತಾರೆಯೇ, ಯಾವ ಔಷಧಗಳನ್ನು ಸೇವಿಸುತ್ತಿದ್ದಾರೆ ಎಂಬುದನ್ನು ದಿನಾಂಕದೊಡನೆ ಬರೆದುಕೊಂಡು ಹೋದರೆ ಅದೇ ದೊಡ್ಡ ಸಹಾಯ. 'ಹೆದರಿದ್ದಾಳೆ' ಎಂಬ ತೀರ್ಮಾನಕ್ಕಿಂತ 'ಮೂರು ವಾರದಿಂದ ನಸುಕಿನ ಮೂರು ಗಂಟೆಗೆ ಎದ್ದು ಕೂರುತ್ತಾಳೆ' ಎಂಬ ವಿವರ ವೈದ್ಯರಿಗೆ ಹೆಚ್ಚು ಉಪಯುಕ್ತ.

ಅದಕ್ಕಿಂತ ಮುಖ್ಯವಾದುದು, ರೋಗಿಯ ಜೊತೆಗೆ ಹೋದವರು ಸ್ವಲ್ಪ ಹೊತ್ತು ಹೊರಗೆ ಕುಳಿತು, ಆಕೆ ಅಥವಾ ಆತ ವೈದ್ಯರೊಡನೆ ಏಕಾಂತದಲ್ಲಿ ಮಾತನಾಡಲು ಅವಕಾಶ ಕೊಡುವುದು. ಪ್ರಶ್ನೆ ರೋಗಿಗೆ, ಉತ್ತರ ಗಂಡನಿಂದ ಅಥವಾ ಅತ್ತೆಯಿಂದ ಎಂಬಂತಾದರೆ ಯಾವ ಮಾಪಕವೂ ನಿಜವನ್ನು ತೋರಿಸಲಾರದು.

ತಂಗಡಗಿ ಮತ್ತು ಸುತ್ತಲಿನ ಗ್ರಾಮಗಳವರು ಮೊದಲು ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಹೆಚ್ಚಿನ ಚಿಕಿತ್ಸೆಗೆ ವಿಜಯಪುರದ ಆಸ್ಪತ್ರೆಗಳೂ, ಧಾರವಾಡದ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯೂ ಇವೆ. 2022ರ ಅಕ್ಟೋಬರ್ 10ರಂದು ಆರಂಭವಾದ 'ಟೆಲಿ ಮಾನಸ್' ಸಹಾಯವಾಣಿಯ ಸಂಖ್ಯೆ 14416. ಕರೆ ಉಚಿತವಾಗಿದ್ದು, ಹಗಲೂ ರಾತ್ರಿ ಲಭ್ಯವಿದೆ, ಕನ್ನಡದಲ್ಲಿಯೂ ಮಾತನಾಡಬಹುದು. ಜೀವ ಕಳೆದುಕೊಳ್ಳುವ ಮಾತು ಯಾರ ಬಾಯಿಂದಲಾದರೂ ಬಂದರೆ, ಯಾವ ಅಳತೆಗೂ ಕಾಯದೆ ಅಂದೇ ಅವರನ್ನು ವೈದ್ಯರ ಬಳಿಗೆ ಕರೆದೊಯ್ಯಬೇಕು.